ಕಣ್ಣು ಮುಚ್ಚಿ ಒಂದು ನಿಮಿಷ: ನಾನು ಸಂಖ್ಯಾಶಾಸ್ತ್ರ ಕಲಿಸುವ ಬಗೆ

ಸಂಖ್ಯಾಶಾಸ್ತ್ರದ (ಸ್ಟ್ಯಾಟಿಸ್ಟಿಕ್ಸ್) ಪಾಠವನ್ನು ನಾನು ಸೂತ್ರದಿಂದ ಆರಂಭಿಸುವುದಿಲ್ಲ. ಪಠ್ಯದಲ್ಲಿರುವ ಅಂಕಿಗಳನ್ನು ಕೂಡಿ ಭಾಗಿಸುವುದು ಮಕ್ಕಳಿಗೆ ಬೇಗ ಬರುತ್ತದೆ. ಬಂದ ಉತ್ತರ ಏನು ಹೇಳುತ್ತಿದೆ ಎಂದು ಕೇಳಿದರೆ ಮಾತ್ರ ಎಲ್ಲರೂ ನೆಲ ನೋಡುತ್ತಾರೆ. ಹಾಗಾಗಿ ದತ್ತಾಂಶವನ್ನು ಅವರಿಂದಲೇ ಹುಟ್ಟಿಸುತ್ತೇನೆ.

ಇಬ್ಬಿಬ್ಬರನ್ನು ಜೋಡಿ ಮಾಡುತ್ತೇನೆ. ಒಬ್ಬರು ಕಣ್ಣು ಮುಚ್ಚಿ, ಒಂದು ನಿಮಿಷ ಆಯಿತು ಎನಿಸಿದಾಗ ಕೈ ಎತ್ತಬೇಕು. ಇನ್ನೊಬ್ಬರು ಗಡಿಯಾರ ನೋಡಿ ಎಷ್ಟು ಸೆಕೆಂಡು ಆಗಿತ್ತೆಂದು ಚೀಟಿಯಲ್ಲಿ ದೊಡ್ಡದಾಗಿ ಬರೆಯಬೇಕು. ಮನಸ್ಸಿನಲ್ಲೇ ಎಣಿಸುವವರು ಇದ್ದೇ ಇರುತ್ತಾರೆ, ತಡೆಯಲು ಹೋಗುವುದಿಲ್ಲ.

ಒಂಬತ್ತು ಮಕ್ಕಳ ಚೀಟಿಗಳು 41, 48, 52, 52, 55, 58, 60, 63, 111 ಎಂದು ಬಂದವು ಎನ್ನಿ. ಚೀಟಿ ಹಿಡಿದು ಏರಿಕೆ ಕ್ರಮದಲ್ಲಿ ಸಾಲಾಗಿ ನಿಲ್ಲುತ್ತಾರೆ. ಎರಡೂ ತುದಿಗಳಿಂದ ಒಬ್ಬೊಬ್ಬರು ಏಕಕಾಲಕ್ಕೆ ಕುಳಿತುಕೊಳ್ಳುತ್ತಾ ಬರುತ್ತಾರೆ. ಕೊನೆಗೆ ನಿಂತು ಉಳಿದವರ ಕೈಯಲ್ಲಿ 55, ಅದೇ ಮಧ್ಯಾಂಕ. ಇಬ್ಬರು ಉಳಿದರೆ ಅವರಿಬ್ಬರ ಸರಾಸರಿ ತೆಗೆದುಕೊಳ್ಳಬೇಕೆಂದು ಮಕ್ಕಳೇ ಹೇಳಿಬಿಡುತ್ತಾರೆ. ಬಹುಲಕ, ಅಂದರೆ ಅತಿ ಹೆಚ್ಚು ಬಾರಿ ಬಂದ ಅಂಕಿ, 52; ಅದಕ್ಕೆ ಹೆಚ್ಚು ಹೊತ್ತು ಬೇಡ.

ಈಗ ಸರಾಸರಿ. ಮೊತ್ತ 540, ಭಾಗಿಸಿದರೆ ಸರಿಯಾಗಿ 60! ಅಂದರೆ ಈ ಗುಂಪು ನಿಮಿಷವನ್ನು ಕರಾರುವಾಕ್ಕಾಗಿ ಊಹಿಸಿತೇ? ಒಂಬತ್ತರಲ್ಲಿ ಆರು ಮಂದಿ ಅವಸರದವರು, 60 ಹೇಳಿದ್ದು ಒಬ್ಬರು ಮಾತ್ರ. ಚರ್ಚೆ ಕಾವೇರುವುದು ಇಲ್ಲೇ, ನಾನು ಬಾಯಿ ಮುಚ್ಚಿಕೊಂಡಿರುತ್ತೇನೆ. 111ರ ಚೀಟಿಯನ್ನು ತೆಗೆದರೆ ಸರಾಸರಿ 53.6ಕ್ಕೆ ಇಳಿಯುತ್ತದೆ, ಮಧ್ಯಾಂಕ 53.5 ಆಗುತ್ತದೆ. ತೆಗೆಯುವ ಬದಲು ಅದನ್ನು 200 ಎಂದು ತಿದ್ದಿದರೆ ಸರಾಸರಿ ಸುಮಾರು 70; ಸಾಲಿನಲ್ಲಿ ಮಾತ್ರ ಯಾರೂ ಜಾಗ ಬದಲಿಸಬೇಕಾಗಿಲ್ಲ. 1907ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಎತ್ತಿನ ತೂಕ ಊಹಿಸುವ ಸ್ಪರ್ಧೆಯೊಂದರ 787 ಚೀಟಿಗಳಿಂದ ಮೊದಲು ಆರಿಸಿದ್ದು ನಡುವಿನ ಊಹೆಯನ್ನೇ: ಅದು 1207 ಪೌಂಡ್, ನಿಜವಾದ ತೂಕ 1198. ಈ ಕಥೆಯನ್ನು ಸಾಲಿನ ಆಟ ಮುಗಿದ ಮೇಲೆಯೇ ಹೇಳಬೇಕು, ಮೊದಲೇ ಹೇಳಿದರೆ ರುಚಿಸುವುದಿಲ್ಲ.

ಮರುದಿನ ಅದೇ ಚೀಟಿಗಳನ್ನು ಗೋಡೆಯ ಮೇಲಿನ ಸಂಖ್ಯಾರೇಖೆಯ ಮೇಲೆ ಅಂಟಿಸುತ್ತೇವೆ. ಹತ್ತರ ಅಂತರದಲ್ಲಿ ಗೆರೆ ಎಳೆದರೆ ಹಿಸ್ಟೋಗ್ರಾಮ್ (ಯಾವ ಗುಂಪಿನಲ್ಲಿ ಎಷ್ಟು ಅಂಕಿಗಳಿವೆ ಎಂದು ತೋರಿಸುವ ಚಿತ್ರ) ತಾನಾಗಿಯೇ ಕಾಣಿಸುತ್ತದೆ. 60ರ ಚೀಟಿ 50–60ರ ಗುಂಪಿಗೋ 60–70ರ ಗುಂಪಿಗೋ ಎಂಬ ಜಗಳ ಏಳುತ್ತದೆ. ಮೇಲ್ಮಿತಿ ಮುಂದಿನ ಗುಂಪಿಗೆ ಸೇರುತ್ತದೆ ಎಂಬ ನಿಯಮವನ್ನು ಆಗ ಹೇಳಿದರೆ, ಅದೊಂದು ತೀರ್ಪಿನಂತೆ ನೆನಪಿನಲ್ಲಿ ಉಳಿಯುತ್ತದೆ. ಆಮೇಲೆ ಎಲ್ಲರೂ ಮತ್ತೊಮ್ಮೆ ಕಣ್ಣು ಮುಚ್ಚುತ್ತಾರೆ. ಮೊದಲ ಸುತ್ತಿನ ತಮ್ಮ ಅಂಕಿ ಗೊತ್ತಿರುವುದರಿಂದ ಈ ಬಾರಿ ಚೀಟಿಗಳು ಹತ್ತಿರ ಹತ್ತಿರ ಬರುತ್ತವೆಯೇ ಎಂದು ಮೊದಲೇ ಊಹಿಸಿ ಬರೆದಿಡಬೇಕು. ವ್ಯಾಪ್ತಿಯ, ಅಂದರೆ ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ನಡುವಿನ ಅಂತರದ, ಪಾಠ ಅಲ್ಲಿಂದ ಹೊರಡುತ್ತದೆ.

ಪರೀಕ್ಷೆಯ ಅಂಕ, ಎತ್ತರ, ತೂಕ ಇವುಗಳನ್ನು ನಾನು ದತ್ತಾಂಶವಾಗಿ ಬಳಸುವುದಿಲ್ಲ. ಸಾಲಿನ ತುದಿಯಲ್ಲಿ ನಿಲ್ಲುವ ಮಗುವಿಗೆ ಆಗ ಕೇಳಿಸುವುದು ಗಣಿತವಲ್ಲ. ನಿಮಿಷವನ್ನು 111 ಸೆಕೆಂಡು ಎಳೆದ ಮಗುವಾದರೋ ಎಲ್ಲರಿಗಿಂತ ಜೋರಾಗಿ ನಗುತ್ತಿರುತ್ತದೆ.