ಕ್ಯಾಮೆರಾ ಚಾರ್ಜ್ ಆಗುತ್ತೆ, ಫೋಟೊ ಮಾತ್ರ ಬರಲ್ಲ: ನನ್ನ ಅನುಭವ

ಯುಎಸ್‌ಬಿ ಕೇಬಲ್ ಸಿಕ್ಕಿಸಿದರೆ ಕ್ಯಾಮೆರಾದ ಚಾರ್ಜಿಂಗ್ ದೀಪ ಉರಿಯುತ್ತಿತ್ತು, ಆದರೆ ಕಂಪ್ಯೂಟರಿಗೆ ಅದರ ಸುಳಿವೇ ಇಲ್ಲ. ರೀಸ್ಟಾರ್ಟ್, ಡ್ರೈವರ್ ಅಪ್‌ಡೇಟ್ ಎಲ್ಲ ಆಯಿತು, ಜಪ್ಪಯ್ಯ ಅನ್ನಲಿಲ್ಲ. ದೋಷ ಇದ್ದದ್ದು ಕೇಬಲ್ಲಿನಲ್ಲಿ. ಸಾಮಾನ್ಯ ಯುಎಸ್‌ಬಿ 2.0 ಕೇಬಲ್ಲಿನೊಳಗೆ ವಿದ್ಯುತ್ತಿಗೆ 2, ಡೇಟಾಕ್ಕೆ 2 ತಂತಿ ಇರುತ್ತವೆ. ಚಾರ್ಜಿಂಗಿಗೆಂದೇ ಮಾಡಿದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಮೇಲೊಂದು ಗುರುತಾದರೂ ಹಾಕಬಾರದೇ!

ಬೇರೆ ಕೇಬಲ್ ಹಾಕಿದ ಕೂಡಲೇ ಕ್ಯಾಮೆರಾ ಕಾಣಿಸಿತು. ಕಾಪಿ ಆಗುತ್ತಿರುವಾಗಲೇ ಬ್ಯಾಟರಿ ಕೈಕೊಟ್ಟಿದ್ದರಿಂದ, ಕಾರ್ಡನ್ನೇ ತೆಗೆದು ಹಳೆಯ ಕಾರ್ಡ್ ರೀಡರ್‌ಗೆ ಹಾಕಿದೆ. ‘ಫಾರ್ಮ್ಯಾಟ್ ಮಾಡಬೇಕೇ?’ ಎಂದು ಕಂಪ್ಯೂಟರ್ ಕೇಳಿತು. ಇಲ್ಲಿ ಹೂಂ ಅನ್ನಲೇಬೇಡಿ, ಫೋಟೊಗಳಿಗೆ ಎಳ್ಳುನೀರು ಬಿಟ್ಟಂತೆ. ಕಾರ್ಡು ಸರಿಯಾಗಿಯೇ ಇತ್ತು. ನನ್ನದು 64 ಜಿಬಿಯ ಎಸ್‌ಡಿಎಕ್ಸ್‌ಸಿ ಕಾರ್ಡ್. ಆ ರೀಡರ್ 32 ಜಿಬಿವರೆಗಿನ ಎಸ್‌ಡಿಎಚ್‌ಸಿ ಎಂಬ ಹಳೆಯ ಬಗೆಯ ಕಾರ್ಡುಗಳ ಕಾಲದ್ದು, ಹಾಗಾಗಿ ನನ್ನ ಕಾರ್ಡನ್ನು ಓದಲು ಅದಕ್ಕೆ ಬರಲಿಲ್ಲ. ಹೊಸ ರೀಡರಿನಲ್ಲಿ ಫೋಟೊಗಳಿರುವ ಡಿಸಿಐಎಂ ಫೋಲ್ಡರ್ ತಕ್ಷಣ ತೆರೆಯಿತು.

ಈಗ ಕೇಬಲ್ ಗೊಡವೆಯೇ ಇಲ್ಲ, ಕಾರ್ಡನ್ನು ನೇರ ರೀಡರಿಗೇ ಹಾಕುತ್ತೇನೆ. ‘ಕಟ್’ ಬದಲು ‘ಕಾಪಿ’ ಮಾಡುತ್ತೇನೆ, ಕೆಲವು ಫೋಟೊ ತೆರೆದು ನೋಡುತ್ತೇನೆ, ಬೇರೆ ಡ್ರೈವಿಗೂ ಒಂದು ಪ್ರತಿ ಹೋದ ಮೇಲಷ್ಟೇ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡುತ್ತೇನೆ.