ಚೀಟಿ ಮಾತ್ರ ಬಂದರೆ ಹೆಸರು ಬರೆದಿಡಿ

ಶಿಡ್ಲಘಟ್ಟದಲ್ಲಿ ಕ್ಲಿನಿಕ್ ಇಟ್ಟು 22 ವರ್ಷ. ಉಪಶಮನ ಆರೈಕೆ, ಅಂದರೆ ವಾಸಿಯಾಗದ ಕಾಯಿಲೆಯವರ ನೋವು, ಕಷ್ಟ ಕಡಿಮೆ ಮಾಡುವುದು, ಕ್ಯಾನ್ಸರಿಗೆ ಮಾತ್ರ, ಅದು ಬೆಂಗಳೂರಿನವರ ಕೆಲಸ ಅಂದುಕೊಂಡಿದ್ದೆ. ಕಣ್ಣು ತೆರೆಸಿದ್ದು ರೇಷ್ಮೆ ನೂಲು ತೆಗೆಯುವ ಒಬ್ಬ ರೀಲರ್. ಬೀಡಿ, ಜೊತೆಗೆ ಗೂಡು ಬೇಯಿಸುವ ಒಲೆಯ ಹೊಗೆ; ಸಿಓಪಿಡಿ ಅನ್ನುವ, ವಾಸಿಯಾಗದ ಶ್ವಾಸಕೋಶದ ಕಾಯಿಲೆ. ಒಂದೇ ವರ್ಷದಲ್ಲಿ ಮೂರು ಸಲ ಅಡ್ಮಿಟ್ ಆದರು. ನಾನು ಪ್ರತಿ ಸಲ ಇನ್‌ಹೇಲರ್ ಬದಲಿಸಿದೆನೇ ಹೊರತು ಮುಂದೇನು ಅಂತ ಮನೆಯವರ ಹತ್ತಿರ ಬಾಯಿ ಬಿಡಲಿಲ್ಲ. ನಾಲ್ಕನೇ ಸಲ 11 ದಿನ ವೆಂಟಿಲೇಟರ್ ಮೇಲಿದ್ದು ತೀರಿಕೊಂಡರು. ಸೈಟು ಹೋಯಿತು, ಹೆಂಡತಿಯ ಒಡವೆ ಹೋಯಿತು, ಸುಮಾರು 5 ಲಕ್ಷ. ಮಗ ಈಗಲೂ ನನ್ನ ಹತ್ತಿರವೇ ಬರುತ್ತಾನೆ. ಅವನ ಮುಖ ನೋಡುವುದು ಕಷ್ಟ.

ಆಮೇಲೆ, 'ಇವರು ಒಂದು ವರ್ಷದೊಳಗೆ ತೀರಿಕೊಂಡರೆ ನನಗೆ ಆಶ್ಚರ್ಯ ಆಗುತ್ತದಾ?' ಅನ್ನುವ ಪ್ರಶ್ನೆ ಹಿಡಿದೆ. ಡಾಕ್ಟರುಗಳಿಗೆಲ್ಲ ಗೊತ್ತಿರುವುದೇ. ಆಶ್ಚರ್ಯ ಆಗಲ್ಲ ಅನ್ನಿಸಿದವರ ಹೆಸರು ಒಂದು ಪುಸ್ತಕದಲ್ಲಿ ಬರೆದಿಟ್ಟೆ. ಮೊದಲ ಆರು ತಿಂಗಳು ಪೂರ್ತಿ ಕೆಟ್ಟಿತು. 80 ದಾಟಿದವರೆಲ್ಲ ಪುಸ್ತಕ ಸೇರಿ 60 ಹೆಸರಾದವು. ಅರ್ಧಕ್ಕರ್ಧ ಜನ ಇವತ್ತಿಗೂ ಸಂತೆಗೆ ನಡೆದೇ ಬರುತ್ತಾರೆ. ಹಾರ್ಟ್ ಫೇಲ್ಯೂರ್ ಇದ್ದ, ನಾನು ಮೊದಲಿಂದ ಬಲ್ಲ ಅಜ್ಜಿಯ ಹೆಸರು ಮಾತ್ರ ಪುಸ್ತಕದಲ್ಲಿ ಬಿಟ್ಟುಹೋಗಿತ್ತು. ಬೇಕಾದವರ ವಿಷಯದಲ್ಲಿ ನನಗೇ ಆಸೆ ಬಿಡುತ್ತಿರಲಿಲ್ಲ.

2010ರಲ್ಲಿ ಎಡಿನ್‌ಬರೋದಲ್ಲಿ ಮಾಡಿದ ಸ್ಪಿಕ್ಟ್ ಪಟ್ಟಿಯನ್ನು ಜೊತೆಗಿಟ್ಟುಕೊಂಡ ಮೇಲೆ ದಾರಿ ಸಿಕ್ಕಿತು. ತೂಕ ಇಳಿಯುವುದು, ಬೇರೆಯವರ ಆಸರೆ ಬೇಕಾಗುವುದು, ಹೀಗೆ ಆರೋಗ್ಯ ಕುಸಿಯುತ್ತಿರುವ ಲಕ್ಷಣಗಳ ಪಟ್ಟಿ ಅದು. ಆದರೆ ತೂಕ ಇಳಿದಿದೆಯಾ ಅಂದರೆ ನಮ್ಮವರಿಗೆ ಏನು ಗೊತ್ತು? ಬಳೆ ಜಾರುತ್ತಾ, ಉಡಿದಾರ ಬಿಗಿ ಮಾಡಿದಿರಾ, ಸ್ನಾನ ಯಾರು ಮಾಡಿಸುತ್ತಾರೆ ಅಂತ ಸೊಸೆಯನ್ನು ಕೇಳುತ್ತೇನೆ. ಎಲ್ಲಕ್ಕಿಂತ ದೊಡ್ಡ ಸುಳಿವು ಕೊಟ್ಟವರು ನಮ್ಮ ಕಾಂಪೌಂಡರ್: 'ಸಾರ್, ಮೂರು ತಿಂಗಳಿಂದ ಆಯಮ್ಮ ಬರ್ತಿಲ್ಲ, ಚೀಟಿ ಮಾತ್ರ ಬರ್ತಿದೆ.' ಅಂದರೆ ಪೇಷಂಟ್ ಬದಲು ಮನೆಯವರು ಔಷಧಿ ಚೀಟಿ ತರುತ್ತಿದ್ದರು. ಈಗ ಎರಡು ಸಲ ಬರೀ ಚೀಟಿ ಬಂದರೆ ಅವರೇ ಹೆಸರು ಬರೆದಿಡುತ್ತಾರೆ, ಆ ವಾರವೇ ನಾನು ಮನೆಗೆ ಹೋಗುತ್ತೇನೆ.

ನೋವಿನ ಮಾತ್ರೆ ಪದೇಪದೇ ಒಯ್ಯುವವರ ಬಗ್ಗೆ ಮೆಡಿಕಲ್ ಸ್ಟೋರಿನಿಂದ ಸುಳಿವು ಸಿಗುತ್ತದಾ ಅಂತಲೂ ನೋಡಿದೆ. ಸಿಕ್ಕಿದ್ದೆಲ್ಲ ಮಂಡಿನೋವು.

'ಸಾಯೋರ ಲಿಸ್ಟ್ ಬರೀತಾನೆ, ಪೇಷಂಟ್ ಓಡಿಹೋಗ್ತಾರೆ' ಅಂದಿದ್ದರು ಡಾಕ್ಟರುಗಳ ಮೀಟಿಂಗಲ್ಲಿ. ಹಾಗೆ ಅಂದವರಲ್ಲಿ ಇಬ್ಬರು ಈಗ ನನಗೇ ಪೇಷಂಟ್ ಕಳಿಸುತ್ತಾರೆ. ಕಳೆದ ವರ್ಷ ಪುಸ್ತಕದಲ್ಲಿ 45 ಹೆಸರು. ತೀರಿಕೊಂಡವರು 30ರ ಹತ್ತಿರ, ಅವರಲ್ಲಿ 20ಕ್ಕೂ ಹೆಚ್ಚು ಜನ ಸ್ವಂತ ಮನೆಯಲ್ಲೇ. ಅರ್ಧಕ್ಕಿಂತ ಹೆಚ್ಚು ಹೆಸರು ಕ್ಯಾನ್ಸರಿನದಲ್ಲ. ಕಿಡ್ನಿ, ಹೃದಯ, ಪಾರ್ಶ್ವವಾಯು. ಮನೆ ವಿಸಿಟ್‌ಗೆ 300 ರೂಪಾಯಿ, ಅದೂ ಇದ್ದವರ ಹತ್ತಿರ. ಸಂಜೆ ಕ್ಲಿನಿಕ್‌ನಲ್ಲಿ ನೋಡಬಹುದಾಗಿದ್ದ ಪೇಷಂಟ್‌ಗಳ ಲೆಕ್ಕ ಹಾಕಿದರೆ ತಿಂಗಳಿಗೆ ಏಳೆಂಟು ಸಾವಿರ ಕೈಬಿಡುತ್ತದೆ. ಬಿಡಲಿ.

ತೀವ್ರ ನೋವಿಗೆ ಕೊಡುವ ಮಾರ್ಫಿನ್‌ಗೆ ಮಾತ್ರ ಇನ್ನೂ ಪರದಾಟ. 2014ರಲ್ಲಿ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾನೂನು ತಿದ್ದಿದರೂ ಮಾನ್ಯತೆ ಇಲ್ಲದ ನನ್ನಂಥ ಕ್ಲಿನಿಕ್ ಇಟ್ಟುಕೊಳ್ಳುವಂತಿಲ್ಲ. ಬೇಕಾದವರು ಬೆಳಗಿನ ಮೊದಲ ಬಸ್ಸಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ.

ಮನೆಯವರ ಎದುರು ಮೊದಲ ಮಾತು ಹೇಗೆ ತೆಗೆಯುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನೋಡಿ ಕಲಿಯಬೇಕಾದದ್ದು. ಬುಧವಾರ ಸಂಜೆ ವಿಸಿಟ್‌ಗೆ ಹೊರಡುತ್ತೇನೆ, ಬೈಕಿನ ಹಿಂದಿನ ಸೀಟು ಖಾಲಿ ಇರುತ್ತದೆ.