ಕ್ಲಾಗಿಂಗ್ ಹಲಗೆಗೆ ಮೈಕ್ ಇಟ್ಟದ್ದು: ನನ್ನ ಅನುಭವ

ಎಂಟು ಜನ ಒಟ್ಟಿಗೆ ಕುಣಿಯುವಾಗ ಮುಂದಿನ ಇಬ್ಬರ ಕಾಲಿಗೆ ಮಾತ್ರ ಮೈಕ್ ಸಾಕು ಅಂತ ನಾನು ಹೇಳಿದಾಗ ನಾರ್ತ್ ಕೆರೊಲಿನಾದ ನಮ್ಮ ಹೇವುಡ್ ಕೌಂಟಿಯಲ್ಲಿ ಒಪ್ಪಿದವರು ಒಬ್ಬರೂ ಇರಲಿಲ್ಲ. ಈ ಅಕ್ಟೋಬರಿನ ಊರಹಬ್ಬದಲ್ಲಿ ಬೀದಿಯ ತುದಿಯ ಆಪಲ್ ಸೈಡರ್ ಅಂಗಡಿಯವರೆಗೂ ಹೆಜ್ಜೆ ಬಿಡಿಬಿಡಿಯಾಗಿ ಕೇಳಿಸಿತು. ಇಡೀ ದಿನದಲ್ಲಿ ಮೈಕ್ ಒಂದು ಸಲವೂ ಕೂಗಲಿಲ್ಲ. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ. ಕನ್ನಡ ಸಂಘದ ಕಾರ್ಯಕ್ರಮಗಳಿಗೆ, ಯಕ್ಷಗಾನಕ್ಕೆ ಸೌಂಡ್ ಮಾಡುವ ನಮ್ಮವರು ಅಮೆರಿಕದ ಊರೂರಲ್ಲಿದ್ದೀರಿ. ಗೇಟ್, ಡಿಐ, ಇಕ್ಯೂ ಅಂದರೇನು ಅಂತ ನಿಮಗೆ ವಿವರಿಸಬೇಕಾಗಿಲ್ಲ. ಹೊಸಬರಿಗೆ ಇಷ್ಟು ಸಾಕು: ಗೇಟ್ ಅಂದರೆ ಬೇಕಾದ ಸದ್ದು ಬಂದಾಗ ಮಾತ್ರ ಮೈಕನ್ನು ತೆರೆದು ಆಮೇಲೆ ಮುಚ್ಚುವ ಬಾಗಿಲು, ಡಿಐ ಅಂದರೆ ವಾದ್ಯದ ಪಿಕಪ್ಪಿನ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಪೆಟ್ಟಿಗೆ, ಇಕ್ಯೂ ಅಂದರೆ ತಗ್ಗು-ಎತ್ತರದ ಸ್ವರಗಳನ್ನು ಏರಿಸಿ ಇಳಿಸುವುದು.

ಕ್ಲಾಗಿಂಗ್ ಹತ್ತಿರದಿಂದ ನೋಡದವರಿಗೆ ಮಾತ್ರ ಎರಡು ಮಾತು. ಬೂಟಿನ ಮುಂಭಾಗಕ್ಕೂ ಹಿಮ್ಮಡಿಗೂ ಲೋಹದ ಟ್ಯಾಪ್ ಹೊಡೆದುಕೊಂಡು ಕುಣಿಯುವ ಅಪಲಾಚಿಯನ್ ಬೆಟ್ಟಗಳ ಕುಣಿತ ಇದು. ನಾರ್ತ್ ಕೆರೊಲಿನಾ 2005ರಲ್ಲಿ ಇದನ್ನು ರಾಜ್ಯದ ಜನಪದ ನೃತ್ಯ ಅಂತ ಘೋಷಿಸಿತು. ನಮ್ಮ ಪಕ್ಕದ ಮ್ಯಾಗಿ ವ್ಯಾಲಿಯ ಸ್ಯಾಮ್ ಕ್ವೀನ್ ಅವರ ಸೋಕೋ ಗ್ಯಾಪ್ ತಂಡ 1939ರಲ್ಲಿ ಶ್ವೇತಭವನದಲ್ಲಿ ಬ್ರಿಟನ್ನಿನ ರಾಜ ರಾಣಿಯರ ಮುಂದೆ ಕುಣಿದಿತ್ತು. ಇಲ್ಲಿನ ಹಿರಿಯರು ಅದನ್ನು ಇವತ್ತಿಗೂ ನಿನ್ನೆ ಮೊನ್ನೆ ನಡೆದದ್ದು ಅನ್ನುವ ಹಾಗೆ ಹೇಳುತ್ತಾರೆ. ಇಂಥವರ ಊರಲ್ಲಿ ಹೆಜ್ಜೆ ಕೇಳಿಸದಿದ್ದರೆ ಹಬ್ಬಕ್ಕೆ ಅರ್ಥವಿಲ್ಲ. ಆದರೆ ವರ್ಷಾನುಗಟ್ಟಲೆ ಕೇಳಿಸುತ್ತಲೇ ಇರಲಿಲ್ಲ. ಜನ ಕುಣಿತ ನೋಡುತ್ತಿದ್ದರು, ಬ್ಯಾಂಜೋ ಕೇಳುತ್ತಿದ್ದರು.

ಬಾಡಿಗೆ ಸೌಂಡ್ ಕಂಪನಿಯವರು ವೇದಿಕೆಯ ಅಂಚಿಗೆ ನೆಲಕ್ಕೆ ಚಪ್ಪಟೆಯಾಗಿ ಕೂರುವ ಮೂರು ಬೌಂಡರಿ ಮೈಕ್ ಇಟ್ಟು ಎಲ್ಲರೂ ಮಾಡುವುದನ್ನೇ ಮಾಡುತ್ತಿದ್ದರು. ಅದರಲ್ಲಿ ಹೆಜ್ಜೆಗಿಂತ ಜಾಸ್ತಿ ಬ್ಯಾಂಜೋ ಬರುತ್ತಿತ್ತು. ಸ್ವಲ್ಪ ಏರಿಸಿದರೆ ಮಾನಿಟರ್ (ವೇದಿಕೆಯ ಮೇಲಿನವರಿಗೆ ಕೇಳಿಸಲು ಇಡುವ ಸ್ಪೀಕರ್) ಸದ್ದು ನೆಲದಲ್ಲೇ ಸುತ್ತಿ ಕೂಗು ಶುರು. ಒಂದು ದಿನಕ್ಕೆ ಅವರು ಹೇಳುತ್ತಿದ್ದ ದರ ಎರಡೂವರೆ ಸಾವಿರ ಡಾಲರಿನ ಆಸುಪಾಸು. ಹಬ್ಬದ ಕಮಿಟಿಗೆ ಅದು ಭಾರ. ನಾನು ಮಾಡಿಕೊಡುತ್ತೇನೆ ಅಂದೆ. ನಾಲ್ಕು ನೂರು ಕೊಡುತ್ತೇವೆ, ಊಟ ನಮ್ಮದು ಅಂದರು.

ಮೊದಲು ವೇದಿಕೆಯ ಅಡಿಯಲ್ಲಿ ಎಸ್ಎಂ57 ಅನ್ನುವ ಸಾಮಾನ್ಯ ಮೈಕ್ ಇಟ್ಟೆ. ಮುಕ್ಕಾಲು ಇಂಚಿನ ಪ್ಲೈವುಡ್, ಕೆಳಗೆ ನಾಲ್ಕು ಅಡಿ ಖಾಲಿ ಜಾಗ. ಖಾಲಿ ಡ್ರಮ್ಮಿನೊಳಗೆ ಕಿವಿ ಇಟ್ಟ ಹಾಗೆ ಬರೀ ದಬದಬ. ತಗ್ಗಿನ ಸ್ವರಗಳನ್ನು 200 ಹರ್ಟ್ಸ್‌ವರೆಗೆ ಕತ್ತರಿಸಿದರೂ ಟ್ಯಾಪಿನ ಲೋಹದ ಸದ್ದು ಮಾತ್ರ ಇಲ್ಲ, ಯಾಕೆಂದರೆ ಅದು ಇರುವುದು ಹಲಗೆಯ ಮೇಲ್ಗಡೆ. ಆಮೇಲೆ ಹಲಗೆಯ ಅಲುಗಾಟವನ್ನೇ ವಿದ್ಯುತ್ ಸಂಕೇತ ಮಾಡುವ ಪಿಯೆಜೋ ಬಿಲ್ಲೆ ಅಂಟಿಸಿದೆ. ಹತ್ತು ಬಿಲ್ಲೆಗೆ ಏಳೆಂಟು ಡಾಲರ್, ಅಗ್ಗ. ಅದನ್ನು ಸೀದಾ ಮಿಕ್ಸರಿನ ಮೈಕ್ ಇನ್‌ಪುಟ್ಟಿಗೆ ಕೊಟ್ಟರೆ ತೆಳ್ಳಗಿನ ಕಟಕಟ ಬಿಟ್ಟು ಇನ್ನೇನೂ ಬರುವುದಿಲ್ಲ. ಪಿಯೆಜೋಗೆ ಕಡಿಮೆ ಅಂದರೂ ಒಂದು ಮೆಗಾಓಮ್ ಇನ್‌ಪುಟ್ ಬೇಕು. ಒಳ್ಳೆ ಡಿಐ ಕೊಂಡೆ, ನೂರು ಚಿಲ್ಲರೆ ಹೋಯಿತು. ಸದ್ದು ತುಂಬಿಕೊಂಡಿತು, ಆದರೆ ಅದು ಬೂಟಿನ ಸದ್ದಲ್ಲ, ಮರದ ಸದ್ದು. ಎಲ್ಲರ ಹೆಜ್ಜೆಯೂ ಒಂದೇ ಥರ. ಹತ್ತು ವರ್ಷದ ಹುಡುಗಿಯೂ ಎಪ್ಪತ್ತರ ಅಜ್ಜನೂ ಒಂದೇ ಕೇಳಿಸಿದರೆ ಅದೆಂಥ ಕ್ಲಾಗಿಂಗ್?

ಊರಿಗೆ ಫೋನ್ ಮಾಡಿದಾಗ ಕುಂದಾಪುರದ ಗೆಳೆಯ, ಯಕ್ಷಗಾನ ಮೇಳಗಳಿಗೆ ಮೈಕ್‌ಸೆಟ್ ಇಡುವವನು, ಒಂದೇ ಮಾತು ಹೇಳಿದ: "ನಾವು ಗೆಜ್ಜೆಗೇ ಮೈಕ್ ಇಡುದಿಲ್ಲ ಮಾರಾಯ, ನಿಂಗೆ ಬೂಟಿಗೆ ಎಂತಕೆ?" ಬ್ಯಾಂಜೋ ಬಾರಿಸುವ ಅಜ್ಜನ ತಕರಾರು ಬೇರೆ. "ನೆಲಕ್ಕೆ ಮೈಕ್ ಇಟ್ಟರೆ ನನ್ನ ಬ್ಯಾಂಜೋ ನೆಲದೊಳಗಿಂದ ಕೇಳಿಸುತ್ತೆ ಮಗಾ, ಅದು ನನಗೆ ಬೇಡ." ಅವರ ಮಾತಿನಲ್ಲಿ ನ್ಯಾಯ ಇತ್ತು.

ದಾರಿ ಸಿಕ್ಕಿದ್ದು ಬೌಂಡರಿ ಮೈಕಿನ ಸೋಲನ್ನೂ ಪಿಯೆಜೋದ ಸೋಲನ್ನೂ ಒಟ್ಟು ಸೇರಿಸಿದಾಗ. ಪಿಯೆಜೋ ಸದ್ದು ಕೊಡುವುದು ಬೇಡ, ಬಾಗಿಲು ತೆಗೆದರೆ ಸಾಕು. ಹಲಗೆಯ ಮುಂದಿನ ಅಂಚಿಗೆ ಒಂದು ಬೌಂಡರಿ ಮೈಕ್. ನಂದು ಹಳೆಯ ಕ್ರೌನ್ ಪಿಸಿಸಿ-160, ಸೆಕೆಂಡ್ ಹ್ಯಾಂಡ್, ನೂರೈವತ್ತರ ಹತ್ತಿರ ಕೊಟ್ಟ ನೆನಪು. ಅದಕ್ಕೊಂದು ಗೇಟ್. ಆ ಗೇಟಿನ ಕೀ, ಅಂದರೆ ಅದನ್ನು ತೆರೆಯಿಸುವ ಸಂಕೇತ, ಮಾತ್ರ ಹಲಗೆಯ ಅಡಿಯ ಪಿಯೆಜೋದಿಂದ. ಬ್ಯಾಂಜೋ ಎಷ್ಟೇ ಗಟ್ಟಿ ಇರಲಿ, ಹಲಗೆ ಅಲುಗದೆ ಗೇಟ್ ತೆರೆಯುವುದಿಲ್ಲ. ಕಾಲು ಬಿದ್ದ ಕ್ಷಣ ತೆರೆಯುತ್ತದೆ, ಮೇಲಿನ ಮೈಕ್ ಬೂಟಿನ ನಿಜವಾದ ಸದ್ದು ಹಿಡಿಯುತ್ತದೆ, ಮುಚ್ಚುತ್ತದೆ. ಕೀ ಆಯ್ಕೆ ಇರುವ ಎಕ್ಸ್32 ಥರದ ಯಾವ ಡಿಜಿಟಲ್ ಮಿಕ್ಸರಿನಲ್ಲೂ ಇದು ಆಗುತ್ತದೆ. ಅಟ್ಯಾಕ್ (ಗೇಟ್ ತೆರೆಯುವ ವೇಗ) ಎಷ್ಟು ಚುರುಕು ಸಾಧ್ಯವೋ ಅಷ್ಟು. ಹೋಲ್ಡ್ (ತೆರೆದೇ ಇರುವ ಹೊತ್ತು) ಮತ್ತು ರಿಲೀಸ್ (ಮುಚ್ಚಲು ತೆಗೆದುಕೊಳ್ಳುವ ಹೊತ್ತು) ಲೆಕ್ಕ ಹಾಕಿ ಇಡಬೇಕು: ನಿಮಿಷಕ್ಕೆ 130 ಬಡಿತದ ವೇಗದಲ್ಲಿ ಒಂದು ಬಡಿತದ ಕಾಲು ಭಾಗ ಅಂದರೆ ಸುಮಾರು 115 ಮಿಲಿಸೆಕೆಂಡ್. ಎರಡೂ ಸೇರಿ ಅದರೊಳಗೆ ಮುಗಿಯಬೇಕು, ಇಲ್ಲದಿದ್ದರೆ ಬಾಗಿಲು ಮುಚ್ಚುವುದೇ ಇಲ್ಲ. ನನ್ನ ರಿಲೀಸ್ ಎಷ್ಟು ಅಂತ ಹೇಳುವುದಿಲ್ಲ. ನಿಮ್ಮ ಹಲಗೆಗೆ ಅದು ಹೇಗೂ ಬೇರೆಯೇ ಆಗುತ್ತದೆ.

ಇದೆಲ್ಲ ನಡೆಯಬೇಕಾದರೆ ಹಲಗೆ ವೇದಿಕೆಯಿಂದ ಬೇರೆ ಇರಬೇಕು. ಇಲ್ಲದಿದ್ದರೆ ಡಬಲ್ ಬೇಸ್ ಅನ್ನುವ ಆಳೆತ್ತರದ ತಂತಿವಾದ್ಯ ನುಡಿಸುವವನು ಕಾಲು ತಟ್ಟಿದರೂ ಗೇಟ್ ತೆರೆಯುತ್ತದೆ. ಹಳೆಯ ಶಾಲೆಯೊಂದರ ಜಿಮ್ ಕೆಡವುವಾಗ ಮೇಪಲ್ ನೆಲಹಾಸು ಸಿಕ್ಕಿತು. ಹೊಸದಾಗಿದ್ದರೆ ಚದರಡಿಗೆ ಆರೇಳು ಡಾಲರ್, ನನಗೆ ಪಿಕಪ್ಪಿನ ಬಾಡಿಗೆ, ಎರಡು ಪಿಜ್ಜಾ ಅಷ್ಟೆ ಖರ್ಚು. ನಾಲ್ಕಡಿ ಎಂಟಡಿಯ ಎರಡು ಹಲಗೆ, ಅವುಗಳ ಕೆಳಗೆ ಎರಡು ಇಂಚು ನಾಲ್ಕು ಇಂಚಿನ ಮರದ ಪಟ್ಟಿಗಳ ಚೌಕಟ್ಟು, ಅದರ ಕೆಳಗೆ ಮೆತ್ತೆ. ಪಟ್ಟಿಗಳ ನಡುವಿನ ಅಂತರ ಎಲ್ಲ ಕಡೆ ಒಂದೇ ಇರದ ಹಾಗೆ ನೋಡಿಕೊಳ್ಳಿ, ಇಲ್ಲದಿದ್ದರೆ ಒಂದೇ ಸ್ವರ ಗುಂಯ್ ಅನ್ನುತ್ತದೆ. ಮೆತ್ತೆ ಯಾವುದರದ್ದು ಅನ್ನುವುದು ನನ್ನ ಹತ್ತಿರವೇ ಇರಲಿ. ಯೋಗ ಮ್ಯಾಟ್ ಅಲ್ಲ ಅಂತ ಮಾತ್ರ ಹೇಳುತ್ತೇನೆ. ಅದು ಬಿಸಿಲಿಗೆ ಮೆತ್ತಗಾಗಿ ಹಲಗೆ ಸರಿಯುತ್ತದೆ.

ಈ ಎರಡು ಹಲಗೆ ವೇದಿಕೆಯ ಮುಂದಿನ ನಡುಭಾಗದಲ್ಲಿ. ಉಳಿದ ನೆಲವೂ ಅಷ್ಟೇ ಎತ್ತರಕ್ಕೆ ಬರುವ ಹಾಗೆ ಪ್ಲೈವುಡ್ ಏರಿಸಿ ಹಾಸಿದೆವು. ಎಂಟು ಜನರ ಕಾಲಿಗೂ ಮೈಕ್ ಕೊಟ್ಟರೆ ಎಂಟು ಸಣ್ಣ ತಪ್ಪುಗಳು ಸೇರಿ ಗಲಗಲ ಅನ್ನುತ್ತದೆ, ಒಬ್ಬರು ಒಂದಿಷ್ಟು ಮುಂದೆ, ಒಬ್ಬರು ಹಿಂದೆ. ತಂಡದ ಚೊಕ್ಕ ಕಾಲಿನ ಇಬ್ಬರನ್ನು ಮುಂದೆ ನಿಲ್ಲಿಸಿ, ಅವರ ಹೆಜ್ಜೆಯನ್ನಷ್ಟೇ ಏರಿಸಿದರೆ ಪ್ರೇಕ್ಷಕರ ಕಿವಿ ಉಳಿದ ಆರು ಜನರ ಸದ್ದನ್ನೂ ಅದಕ್ಕೇ ಸೇರಿಸಿಕೊಳ್ಳುತ್ತದೆ. ಇಡೀ ತಂಡ ಕತ್ತರಿಸಿದ ಹಾಗೆ ಕುಣಿಯುತ್ತಿದೆ ಅನ್ನಿಸುತ್ತದೆ. ಜೋಡಿಜೋಡಿಯಾಗಿ ಸುತ್ತು ಹಾಕುವ ಸ್ಕ್ವೇರ್ ಡಾನ್ಸಿನಲ್ಲಿ ಅವರು ಹಲಗೆ ದಾಟಿ ಹೋಗುತ್ತಿರುತ್ತಾರೆ. ಅಲ್ಲೂ ಮುಂದೆ ಬಂದವರ ಸದ್ದು ಏರಿ ಹಿಂದೆ ಹೋದಾಗ ಇಳಿಯುವುದು ಚೆಂದವೇ.

ಬ್ಯಾಂಡನ್ನು ನಾನು ಹಲಗೆಯ ಪಕ್ಕಕ್ಕೇ ತಂದೆ, ಆರಡಿ ದೂರ ಇರಬಹುದು. ಮೊದಲೆಲ್ಲ ವೇದಿಕೆಯ ಹಿಂದಿನ ಮೂಲೆಯಲ್ಲಿ ಕೂರಿಸುತ್ತಿದ್ದರು. ಹತ್ತು ಮೀಟರ್ ದೂರದಿಂದ ಸದ್ದು ಬರಲು ಹತ್ತಿರ ಹತ್ತಿರ 30 ಮಿಲಿಸೆಕೆಂಡ್. ಆ 115ರಲ್ಲಿ 30 ಹೋದರೆ ಹೆಜ್ಜೆ ತಡವಾಗುತ್ತದೆ, ಕುಣಿಯುವವರನ್ನು ಬೈದು ಪ್ರಯೋಜನ ಇಲ್ಲ. ಆರಡಿಗೆ ಐದಾರು ಮಿಲಿಸೆಕೆಂಡ್, ಯಾರಿಗೂ ಗೊತ್ತಾಗುವುದಿಲ್ಲ. ಮಾನಿಟರನ್ನು ತೆಗೆದೇ ಬಿಟ್ಟೆ. ಬ್ಯಾಂಡಿಗೆ ಒಂದೇ ಒಂದು ಕಂಡೆನ್ಸರ್ ಮೈಕ್ (ಸೂಕ್ಷ್ಮ ಸದ್ದನ್ನೂ ಹಿಡಿಯುವ ಮೈಕ್). ಬ್ಲೂಗ್ರಾಸ್, ಅಂದರೆ ಬಿರುಸಿನ ತಂತಿವಾದ್ಯಗಳ ಅಮೆರಿಕನ್ ಸಂಗೀತ, ನುಡಿಸುವ ಡೆಲ್ ಮೆಕ್ಕೂರಿ ಬ್ಯಾಂಡಿನವರು ತೊಂಬತ್ತರ ದಶಕದಲ್ಲಿ ಮತ್ತೆ ಚಾಲ್ತಿಗೆ ತಂದ ಹಳೆಯ ರೇಡಿಯೋ ಕಾಲದ ಪದ್ಧತಿ ಇದು. ಫಿಡಲಿನವನ ಸರದಿ ಬಂದಾಗ ಅವನು ಮೈಕಿಗೆ ಬರುತ್ತಾನೆ, ಬ್ಯಾಂಜೋ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ಮಿಕ್ಸಿಂಗ್ ಅವರೇ ಕಾಲಲ್ಲಿ ಮಾಡಿಕೊಳ್ಳುತ್ತಾರೆ. ಒಂದೇ ಮೈಕಿನಲ್ಲಿ ಬೇಸ್ ಮಾತ್ರ ಸೊರಗುತ್ತದೆ. ಸಣ್ಣ ಮೈಕನ್ನು ಸ್ಪಂಜಿನಲ್ಲಿ ಸುತ್ತಿ ಬೇಸಿನ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆಯ ಕೆಳಗೆ ತುರುಕಿದೆ, ಸರಿಹೋಯಿತು.

ಹೆಜ್ಜೆ ಮತ್ತು ವಾದ್ಯಗಳ ಈ ಜಗಳ ಹಳೆಯದಲ್ಲ ಅನ್ನುವುದು ನನ್ನ ಅಭಿಪ್ರಾಯ. ಜನಪದ ಹಾಡುಗಳ ಸಂಗ್ರಹಕಾರ ಬಾಸ್ಕಂ ಲಾಮರ್ ಲನ್ಸ್‌ಫರ್ಡ್ 1928ರಲ್ಲಿ ಆಶ್‌ವಿಲ್‌ನಲ್ಲಿ ಬೆಟ್ಟದ ಹಾಡು ಕುಣಿತದ ಹಬ್ಬ ಶುರು ಮಾಡಿದಾಗ ಇದ್ದದ್ದು ಹಳೆಯ ಶೈಲಿಯ ಫಿಡಲ್, ಹಳೆಯ ಶೈಲಿಯ ಬ್ಯಾಂಜೋ. ಬಡಿತಗಳ ನಡುವೆ ಕಾಲಿಗೆ ಜಾಗ ಇತ್ತು. 1945ರ ಕೊನೆಗೆ ಇದೇ ರಾಜ್ಯದ ಅರ್ಲ್ ಸ್ಕ್ರಗ್ಸ್ ಮೂರು ಬೆರಳಿನ ಬ್ಯಾಂಜೋ ಹಿಡಿದು ಬ್ಲೂಗ್ರಾಸ್ ಜನಕ ಅನ್ನಿಸಿಕೊಂಡ ಬಿಲ್ ಮನ್ರೋ ಬ್ಯಾಂಡಿಗೆ ಸೇರಿದ ಮೇಲೆ ಬ್ಲೂಗ್ರಾಸ್ ಹುರಿಗೊಂಡಿತು, ಜಾಗವೆಲ್ಲ ತುಂಬಿತು. ಟ್ಯಾಪ್ ಹೊಳೆಯುವುದು ಎರಡು ಮೂರು ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ಬ್ಯಾಂಜೋ ಹೊಳೆಯುವುದೂ ಅಲ್ಲೇ. ಚೆಂಡೆಯ ಪಕ್ಕ ಭಾಗವತರ ಧ್ವನಿ ಉಳಿಸಲು ಒದ್ದಾಡಿದ ನಮಗೆ ಇದು ಹೊಸತಲ್ಲ. ಅಲ್ಲಿ ಕಲಿತ ಪಾಠವೇ ಇಲ್ಲಿ ಕೆಲಸಕ್ಕೆ ಬಂತು: ಏರಿಸಬೇಡ, ಜಾಗ ಮಾಡಿಕೊಡು. ಬ್ಯಾಂಡಿನ ಮೈಕಿನಲ್ಲಿ ಒಂದು ಕಡೆ ಎರಡು ಮೂರು ಡೆಸಿಬೆಲ್ ಇಳಿಸಿದ್ದೇನೆ, ಅಷ್ಟೆ. ಬ್ಯಾಂಜೋ ಅಜ್ಜನಿಗೆ ಇವತ್ತಿಗೂ ಅದು ಗೊತ್ತಾಗಿಲ್ಲ.

ತಂಡದಿಂದ ತಂಡಕ್ಕೆ ಗೇಟ್ ಬದಲಿಸಬೇಕು. ಜಿಂಗಲ್ ಟ್ಯಾಪಿನಲ್ಲಿ ಒಂದು ತುಂಡು ಸಡಿಲ ಇರುತ್ತದೆ, ಕಾಲು ಎತ್ತಿದ ಮೇಲೂ ಝಣ ಅನ್ನುತ್ತದೆ. ಗೇಟ್ ಬೇಗ ಮುಚ್ಚಿದರೆ ಆ ಬಾಲ ಕತ್ತರಿಸಿಹೋಗಿ ಕೆಟ್ಟದಾಗಿ ಕೇಳುತ್ತದೆ. ಹಿಂದಿನ ರಾತ್ರಿ ಪರೀಕ್ಷೆ ಮಾಡಲು ಬಂದ ಎಪ್ಪತ್ತು ದಾಟಿದ ಹೆಂಗಸೊಬ್ಬರು ಟ್ಯಾಪ್ ಇಲ್ಲದ ಬರೀ ಚರ್ಮದ ಅಟ್ಟೆಯ ಬೂಟಿನಲ್ಲಿ ಹಲಗೆ ಹತ್ತಿದರು. ಸೊಂಟದ ಮೇಲೆ ಏನೂ ಅಲುಗಲಿಲ್ಲ, ಕೈ ಎರಡೂ ಪಕ್ಕಕ್ಕೆ ಜೋತುಬಿದ್ದಿದ್ದವು. ಬೇಸಿನ ಪ್ರತಿ ಬಡಿತಕ್ಕೆ ಹಿಮ್ಮಡಿ ಇಳಿಯಿತು, ನಡುವೆ ಬೆರಳ ತುದಿ ಎರಡು ಸಲ ನೆಲ ಸವರಿತು. ಆ ಸವರುವ ಸದ್ದು ಕೂಡ ಸ್ಪೀಕರಿನಲ್ಲಿ ಬಂತು. ಚರ್ಮದ ಸದ್ದಿಗೆ ತೆರೆಯುವ ಗೇಟ್ ನಾನು ಬೇರೆಲ್ಲೂ ಕಂಡಿಲ್ಲ. ಅವರು ಕೆಳಗಿಳಿದು, "ಇದನ್ನು ಯಾರಿಗೂ ಮಾರಬೇಡ" ಅಂದರು.

ನಡುವೆ ಮಾಡಿದ ಇತರ ಪ್ರಯೋಗಗಳು ಹಲವು. ಜಾರದಿರಲಿ ಅಂತ ಕೋಲಾ ಬೆರೆಸಿದ ನೀರಿನಲ್ಲಿ ಹಲಗೆ ಒರೆಸುವುದು ಇಲ್ಲಿನ ಹಳೇ ಉಪಾಯ. ಹಿಡಿತ ಚೆನ್ನಾಗಿದೆ, ಆದರೆ ಮಧ್ಯಾಹ್ನ ಜೇನುಹುಳ ಬಂದವು. ನಮ್ಮ ಸಂಘದ ಯಕ್ಷಗಾನಕ್ಕೆ ಇದೇ ಹಲಗೆ ಒಯ್ದು ನೋಡಿದೆ. ಬರಿಗಾಲು, ಗೆಜ್ಜೆ. ಪ್ರವೇಶದ ಕುಣಿತಕ್ಕೆ ಅದ್ಭುತ, ಗಿರಗಿರ ತಿರುಗಿ ಹಾರುವ ಧೀಂಗಿಣಕ್ಕೆ ಹಲಗೆ ಸಾಲದು, ಎಂಟಡಿಯೊಳಗೆ ಯಾವ ವೇಷಧಾರಿಯೂ ನಿಲ್ಲುವುದಿಲ್ಲ. ಚೆಂಡೆಯ ಹೊಡೆತಕ್ಕೆ ನೆಲ ನಡುಗಿ ಗೇಟ್ ತೆರೆಯುತ್ತಿದ್ದುದನ್ನು ಮೆತ್ತೆ ದಪ್ಪ ಮಾಡಿ ನಿಲ್ಲಿಸಿದೆ. ಕುಂದಾಪುರದವನಿಗೆ ರೆಕಾರ್ಡಿಂಗ್ ಕಳಿಸಿದೆ. ಈಗ ಅಳತೆ ಕೇಳುತ್ತಿದ್ದಾನೆ.

ಬೆಟ್ಟದ ಊರಿನ ಅಕ್ಟೋಬರ್ ಅಂದರೆ ಬೆಳಗ್ಗೆ ಮಂಜು, ನಾಲ್ಕೈದು ಡಿಗ್ರಿ ಸೆಲ್ಸಿಯಸ್. ಹಲಗೆ ತೇವ ಎಳೆದುಕೊಂಡು ಮಂಕಾಗುತ್ತದೆ. ಟಾರ್ಪಾಲು ಹೊದೆಸಿ, ಒಳಗೆ ಕೂದಲು ಒಣಗಿಸುವ ಮಿಷನ್ನಿನ ಬಿಸಿಗಾಳಿ ಬಿಟ್ಟೆ. ಹನ್ನೊಂದಕ್ಕೆ ಮೊದಲ ತಂಡ ಹತ್ತುವಾಗ ಮರ ಗಟ್ಟಿಯಾಗಿತ್ತು. ಕಮಿಟಿಯಲ್ಲಿ ನನ್ನನ್ನು ಗಟ್ಟಿಯಾಗಿ ವಿರೋಧಿಸಿದ್ದವರು ಮೂರನೇ ತಂಡದ ಹೊತ್ತಿಗೆ ಬಂದು ಮಿಕ್ಸರಿನ ಪಕ್ಕ ನಿಂತು, ಸಂಜೆಯವರೆಗೂ ಅಲ್ಲೇ ಇದ್ದರು.

ಮಿಕ್ಸರ್ ಒಂದು ಬಿಟ್ಟು, ಕೆಟ್ಟುಹೋದ ಬಿಲ್ಲೆಗಳು, ಎರಡು ಕೇಬಲ್ ಎಲ್ಲ ಸೇರಿ ಏಳೆಂಟು ನೂರು ಡಾಲರ್ ಆಗಿರಬಹುದು. ಮುಂದಿನ ವರ್ಷಕ್ಕೆ ಕಮಿಟಿಯವರು ಒಂಬೈನೂರು ಅಂದಿದ್ದಾರೆ, ಊಟ ಅವರದೇ. ಪಕ್ಕದ ಎರಡು ಊರುಗಳಿಂದಲೂ ಕರೆ ಬಂದಿದೆ, ಹಾಗಾಗಿ ಇನ್ನೊಂದು ಜೊತೆ ಹಲಗೆ ಬೇಕು. ನಿಮ್ಮ ಕಡೆ ಎಲ್ಲಾದರೂ ಹಳೆಯ ಜಿಮ್ ಕೆಡವುತ್ತಿದ್ದರೆ ತಿಳಿಸಿ, ಮೇಪಲ್ ಆಗಿದ್ದರೆ ಗಾಡಿ ತಂದು ನಾನೇ ಒಯ್ಯುತ್ತೇನೆ.